ಕರಿಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ

ಬೀದರ್ ಸೀಮೆಯಲ್ಲಿ ಮನೆಯ ಬಣ್ಣವನ್ನು ನೆಲವೇ ಗೊತ್ತು ಮಾಡಿದೆ. ಬೀದರ್, ಹುಮನಾಬಾದ್ ಸುತ್ತಲ ಎತ್ತರದ ಬಯಲಿನಲ್ಲಿ ಕೆಂಪು ಜಂಬಿಟ್ಟಿಗೆಯ ಪದರವಿದೆ. ಅದರ ಕೆಳಗೂ ಬಸವಕಲ್ಯಾಣದ ಕಡೆಗೂ ಇರುವುದು ಕರಿಕಲ್ಲು, ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್ನಿನ ಮೇಲೆ ಹರಿದ ಲಾವಾ ಆರಿ ಆದದ್ದು. ಜಂಬಿಟ್ಟಿಗೆ ನೆಲದಲ್ಲಿರುವಾಗ ಮೆತ್ತಗಿದ್ದು, ಕಡಿದು ಗಾಳಿಗೆ ಇಟ್ಟ ಮೇಲೆ ಗಟ್ಟಿಯಾಗುತ್ತದೆ. ಬೀದರ್ ಕೋಟೆಯ ಮೂರು ಸಾಲಿನ ಕಂದಕವನ್ನು ಈ ಕಲ್ಲಿನಲ್ಲೇ ಕೊರೆದಿದ್ದಾರೆ. ಕರಿಕಲ್ಲು ಹಾಗಲ್ಲ, ಸುತ್ತಿಗೆಗೆ ಸುಲಭವಾಗಿ ಬಗ್ಗುವುದಿಲ್ಲ. ಆದ್ದರಿಂದ ಮನೆ ಕಟ್ಟುವವರು ಅದರ ಮುಖವನ್ನಷ್ಟೇ ಹದ ಮಾಡಿ, ಉಳಿದದ್ದನ್ನು ಇದ್ದ ಹಾಗೆಯೇ ಗೋಡೆಗೆ ಸೇರಿಸಿದರು.

ಹಳೆಯ ಮನೆಯೊಂದರ ತಲಬಾಗಿಲು ದಾಟಿದರೆ ಪಡಸಾಲೆ, ಪಕ್ಕದಲ್ಲಿ ದನಗಳ ಜಾಗ, ಒಳಗೆ ಅಡುಗೆಮನೆ, ದೇವರ ಕೋಣೆ. ಗೋಡೆಯಲ್ಲಿ ದೀಪಕ್ಕೆ ಮಾಡ, ಮಾಳಿಗೆಯಲ್ಲಿ ಬೆಳಕಿಂಡಿ. ಮನೆಯ ಅಳತೆಯನ್ನು ಅಂಕಣಗಳಲ್ಲಿ ಹೇಳುವುದು ರೂಢಿ. ಗಡಿಯಾಚೆಯ ಮರಾಠಿಯಲ್ಲಿ ಅದೇ ಖಣ. ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಹಲಗೆಯೋ ಕಟ್ಟಿಗೆಯೋ, ಎಲ್ಲಕ್ಕೂ ಮೇಲೆ ದಪ್ಪ ಮಣ್ಣು. ನಲವತ್ತು ಡಿಗ್ರಿ ದಾಟುವ ಬೇಸಿಗೆಯಲ್ಲಿ ಎರಡು ಅಡಿ ದಪ್ಪದ ಗೋಡೆ ಹಗಲಿನ ಬಿಸಿಯನ್ನು ಒಳಗೆ ಬೇಗ ಬಿಡುವುದಿಲ್ಲ. ಕಾಂಕ್ರೀಟು ಸ್ಲ್ಯಾಬಿನ ಕೆಳಗೆ ಮೇ ತಿಂಗಳು ಕಳೆದವರಿಗೆ ಇದರ ಬೆಲೆ ಗೊತ್ತು.

ಹೀಗಿದ್ದೂ ಈ ಮನೆಗಳ ಮೇಲಿನ ನಂಬಿಕೆ ಒಂದೇ ರಾತ್ರಿಯಲ್ಲಿ ಅಲುಗಿತು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಗಡಿಯಾಚೆ ಲಾತೂರ್ ಜಿಲ್ಲೆಯ ಕಿಲ್ಲಾರಿ ನಡುಗಿತು. ಗಣಪತಿ ಕಳಿಸಿ ಬಂದು ಮಲಗಿದ್ದ ಏಳು ಸಾವಿರಕ್ಕೂ ಹೆಚ್ಚು ಜನ ಸತ್ತರು. ಬಹುಪಾಲು ಜನರನ್ನು ಕೊಂದದ್ದು ಕಲ್ಲು ಮಣ್ಣಿನ ಮನೆಗಳೇ. ಬಸವಕಲ್ಯಾಣ ಅಲ್ಲಿಂದ ದೂರವಿಲ್ಲ. ಕಲ್ಲೂ ಅದೇ, ಕಟ್ಟುವ ರೀತಿಯೂ ಅದೇ.

ದೋಷ ಎಲ್ಲಿತ್ತೆಂಬುದನ್ನು ಸರಿಯಾಗಿ ತಿಳಿಯಬೇಕು. ಹೊರಗಿನಿಂದ ಒಂದೇ ಆಗಿ ಕಾಣುವ ದಪ್ಪ ಗೋಡೆ ನಿಜಕ್ಕೂ ಎರಡು ಗೋಡೆ: ಹೊರಮುಖದ್ದೊಂದು, ಒಳಮುಖದ್ದೊಂದು, ನಡುವೆ ಕಲ್ಲುಚೂರು ಮತ್ತು ಮಣ್ಣು. ಎರಡನ್ನೂ ಹಿಡಿದಿಡುವ ಆರಪಾರದ ಉದ್ದಗಲ್ಲು ಇಲ್ಲದಿದ್ದರೆ ನೆಲ ಅಲುಗಿದಾಗ ಗೋಡೆ ಹೊಟ್ಟೆ ಉಬ್ಬಿ ಸೀಳುತ್ತದೆ. ಸೋರಿಕೆ ತಡೆಯಲು ಮತ್ತೆ ಮತ್ತೆ ಹಾಕಿದ ಮಣ್ಣಿನಿಂದ ಮಾಳಿಗೆ ಮಣಭಾರವಾಗಿರುತ್ತದೆ. ಅದು ಮೇಲೆ ಬೀಳುತ್ತದೆ. ಆದರೆ ಮಾಳಿಗೆಯ ಭಾರವನ್ನು ಮರದ ಕಂಬಗಳೇ ಹೊತ್ತ ಕೆಲವು ಮನೆಗಳಲ್ಲಿ ಗೋಡೆ ಕುಸಿದರೂ ಮಾಳಿಗೆ ನಿಂತಿತ್ತು. ನನ್ನ ಮಟ್ಟಿಗೆ ಆ ದುರಂತ ಕಲಿಸಿದ ಬಹು ದೊಡ್ಡ ಪಾಠ ಇದು: ಕಂಬ, ಬೋದಿಗೆ, ತೊಲೆಯ ಹಳೆಯ ಕಟ್ಟಣೆಗೆ ಜೀವ ಉಳಿಸುವ ಶಕ್ತಿಯಿತ್ತು.

ಅದೇ 1993ರ ಭಾರತೀಯ ಮಾನಕ 13828 ಕಲ್ಲಿನ ಮನೆಯನ್ನು ಬೇಡವೆನ್ನಲಿಲ್ಲ, ಕಟ್ಟುವ ಬಗೆ ಹೇಳಿತು. ಗೋಡೆ ಏರಿದಂತೆ ಪ್ರತಿ 60 ಸೆಂ.ಮೀ.ಗೊಮ್ಮೆ, ಅಡ್ಡಕ್ಕೆ 1.2 ಮೀಟರಿಗಿಂತ ಹೆಚ್ಚು ಅಂತರ ಬಿಡದೆ, ಗೋಡೆಯ ಪೂರ್ತಿ ದಪ್ಪಕ್ಕೆ ಉದ್ದಗಲ್ಲು ಇಡಬೇಕು. ಮೂಲೆಗಳಲ್ಲೂ ಉದ್ದಗಲ್ಲು ಬೇಕು. ಬಾಗಿಲ ಮೇಲಿನ ಮಟ್ಟದಲ್ಲಿ ಸುತ್ತಲೂ ಪಟ್ಟಿ ಹಾಯಬೇಕು. ನಿಂತ ಮನೆಗೂ ಉಪಾಯವಿದೆ: ಅಲ್ಲಲ್ಲಿ ಕಲ್ಲು ಬಿಡಿಸಿ ಗೋಡೆಯ ಆರಪಾರ ತೂತು ಮಾಡಿ, ಕೊಂಕಿಯಂತೆ ಬಗ್ಗಿಸಿದ ಕಬ್ಬಿಣದ ಸರಳಿಟ್ಟು ಕಾಂಕ್ರೀಟು ತುಂಬುವುದು.

ಹುಮನಾಬಾದ್ ತಾಲ್ಲೂಕಿನ ಜಲಸಂಗಿ ಗುಡಿಯಲ್ಲಿ ಶಾಸನ ಬರೆಯುವ ಸುಂದರಿಯನ್ನು ನೋಡಲು ದೂರದಿಂದ ಜನ ಬರುತ್ತಾರೆ. ಗುಡಿಗೆ ಕಾವಲಿದೆ, ಮನೆಗಿಲ್ಲ. ನಿಮ್ಮದು ಇಂಥ ಮನೆಯಾಗಿದ್ದರೆ ಕೆಡವುವ ಮೊದಲು ಮಾಳಿಗೆಯ ಹೆಚ್ಚಿನ ಮಣ್ಣು ಇಳಿಸಿ, ಗೋಡೆ ಉಬ್ಬಿದೆಯೇ, ತೊಲೆಗೆ ಗೆದ್ದಲು ಹತ್ತಿದೆಯೇ ನೋಡಿ, ಕಲ್ಲುಕೆಲಸ ಬಲ್ಲ ಇಂಜಿನಿಯರ್ ಒಬ್ಬರನ್ನು ಕರೆಸಿ ತೋರಿಸಿ.