ಅಗ್ಗದ ಸ್ಮಾರ್ಟ್‌ಫೋನಿನ ಆಯುಷ್ಯ ಎಷ್ಟು?

ಆರೇಳು ಸಾವಿರ ರೂಪಾಯಿ ತೆತ್ತು ಕೊಂಡ ಮೊಬೈಲ್ ಎಷ್ಟು ವರ್ಷ ಬಾಳಿಕೆ ಬರಬೇಕು? ಮನೆಯ ಮಿಕ್ಸಿ ಹತ್ತು ವರ್ಷ ತಿರುಗಿದರೆ, ಕೈಗಡಿಯಾರ ಇಪ್ಪತ್ತು ವರ್ಷ ನಡೆದರೆ ಯಾರೂ ಅಚ್ಚರಿಪಡುವುದಿಲ್ಲ. ಸ್ಮಾರ್ಟ್‌ಫೋನ್ ಮಾತ್ರ ಮೂರು ವರ್ಷ ದಾಟಿತೆಂದರೆ ‘ಇನ್ನೂ ಇದನ್ನೇ ಇಟ್ಟುಕೊಂಡಿದ್ದೀರಾ?’ ಎಂಬ ಪ್ರಶ್ನೆ ಎದುರಾಗುತ್ತದೆ. ಪರದೆ ಒಡೆದಿಲ್ಲ, ಗುಂಡಿ ಸವೆದಿಲ್ಲ, ಕರೆ ಸ್ಪಷ್ಟವಾಗಿಯೇ ಕೇಳಿಸುತ್ತದೆ. ಹಾಗಾದರೆ ಅದು ಹಳತಾಗುವುದು ಎಲ್ಲಿ?

ಇದಕ್ಕೆ ಒಂದು ನಿದರ್ಶನವಿದೆ. 2014ರ ಸೆಪ್ಟೆಂಬರ್‌ನಲ್ಲಿ ಗೂಗಲ್ ಸಂಸ್ಥೆಯು ‘ಆಂಡ್ರಾಯ್ಡ್ ಒನ್’ ಯೋಜನೆಯನ್ನು ಭಾರತದಲ್ಲೇ ಮೊದಲು ಆರಂಭಿಸಿತು. ಮೈಕ್ರೋಮ್ಯಾಕ್ಸ್, ಕಾರ್ಬನ್ ಹಾಗೂ ಸ್ಪೈಸ್ ಕಂಪನಿಗಳು ಸುಮಾರು 6,400 ರೂಪಾಯಿ ಬೆಲೆಗೆ ತಲಾ ಒಂದು ಫೋನನ್ನು ಮಾರುಕಟ್ಟೆಗೆ ತಂದವು. 4.5 ಇಂಚಿನ ಪರದೆ, 1 ಜಿಬಿ ರ‍್ಯಾಮ್, 4 ಜಿಬಿ ಸಂಗ್ರಹ, ಕಳಚಬಹುದಾದ 1,700 ಎಂಎಎಚ್ ಬ್ಯಾಟರಿ, ಎರಡು ಸಿಮ್. ಬಡ ಗ್ರಾಹಕನಿಗೂ ಹೊಸ ತಂತ್ರಾಂಶ ಸಕಾಲದಲ್ಲಿ ದೊರೆಯಬೇಕೆಂಬುದು ಯೋಜನೆಯ ಆಶಯ. ಈ ಫೋನುಗಳು ಸವೆದ ಬಗೆಯನ್ನು ಗಮನಿಸಿದರೆ ಅಗ್ಗದ ಫೋನಿನ ಜೀವನಚಕ್ರವೇ ಅರ್ಥವಾಗುತ್ತದೆ.

ಮೊದಲು ಸೋಲುವುದು ಬ್ಯಾಟರಿ

ಲೀಥಿಯಂ ಅಯಾನ್ ಬ್ಯಾಟರಿಯು ಸಾಮಾನ್ಯವಾಗಿ 300ರಿಂದ 500 ಬಾರಿ ಪೂರ್ಣ ಚಾರ್ಜ್ ಆದ ಬಳಿಕ ತನ್ನ ಮೂಲ ಸಾಮರ್ಥ್ಯದ ಶೇ. 80ರಷ್ಟಕ್ಕೆ ಇಳಿಯುತ್ತದೆ. ದಿನಕ್ಕೊಮ್ಮೆ ಚಾರ್ಜ್ ಮಾಡುವವರಿಗೆ ಇದು ಒಂದೂವರೆ ವರ್ಷದೊಳಗಿನ ಮಾತು. ಬಿಸಿಯೇ ಅದರ ಮುಖ್ಯ ಶತ್ರು. ದಿಂಬಿನ ಕೆಳಗಿಟ್ಟು ರಾತ್ರಿಯಿಡೀ ಚಾರ್ಜ್ ಮಾಡುವುದು, ಬಿಸಿಲಿನಲ್ಲಿ ನಿಂತ ಕಾರಿನಲ್ಲಿ ಬಿಡುವುದು ಆಯುಷ್ಯವನ್ನು ಕುಗ್ಗಿಸುತ್ತವೆ. ಶೇ. 20ಕ್ಕಿಂತ ಕೆಳಗಿಳಿಯಲು ಬಿಡದೆ, ಶೇ. 80ರ ಆಸುಪಾಸಿನಲ್ಲಿ ಚಾರ್ಜರ್ ತೆಗೆಯುವುದು ಒಳ್ಳೆಯ ಅಭ್ಯಾಸ. ಉಬ್ಬಿದ ಬ್ಯಾಟರಿಯನ್ನು ಮಾತ್ರ ಒತ್ತಬಾರದು, ಚುಚ್ಚಬಾರದು. ಕೂಡಲೇ ಬಳಕೆ ನಿಲ್ಲಿಸಬೇಕು.

ತುಂಬಿಹೋಗುವ ಜಾಗ

4 ಜಿಬಿ ಸಂಗ್ರಹದಲ್ಲಿ ಸುಮಾರು ಅರ್ಧದಷ್ಟನ್ನು ಫೋನಿನ ಮೂಲ ತಂತ್ರಾಂಶವೇ ನುಂಗುತ್ತಿತ್ತು. ಉಳಿದದ್ದನ್ನು ಬೆಳಗಿನ ಶುಭಾಶಯದ ಚಿತ್ರಗಳೂ ವೀಡಿಯೋಗಳೂ ಕೆಲವೇ ತಿಂಗಳಲ್ಲಿ ತುಂಬಿಬಿಡುತ್ತಿದ್ದವು. ಜಾಗ ತುಂಬಿದಂತೆ ಹೊಸದನ್ನು ಬರೆಯುವ ವೇಗ ತಗ್ಗಿ, ಫೋನ್ ತಡವರಿಸತೊಡಗುತ್ತದೆ. ‘ಫೋನ್ ಹಾಳಾಯಿತು’ ಎಂದು ಅನೇಕರು ತೀರ್ಮಾನಿಸುವುದು ಈ ಹಂತದಲ್ಲೇ. ಫೋಟೋಗಳನ್ನು ಮೆಮೊರಿ ಕಾರ್ಡಿಗೆ ಸಾಗಿಸಿ, ಬಳಸದ ಆ್ಯಪ್‌ಗಳನ್ನು ತೆಗೆದು, ಸ್ವಲ್ಪ ಜಾಗವನ್ನು ಸದಾ ಖಾಲಿ ಬಿಟ್ಟರೆ ಅದೇ ಫೋನ್ ಮತ್ತೆ ಚುರುಕಾಗುವುದುಂಟು. ಮೆಮೊರಿ ಕಾರ್ಡೂ ಕೈಕೊಡಬಹುದಾದ್ದರಿಂದ ಮುಖ್ಯ ಚಿತ್ರಗಳ ಇನ್ನೊಂದು ಪ್ರತಿ ಬೇರೆಡೆ ಇರಲೇಬೇಕು.

ಜಾಲವೇ ಬದಲಾದಾಗ

2014ರ ಆ ಫೋನುಗಳು 3ಜಿ ಜಾಲಕ್ಕಾಗಿ ತಯಾರಾದವು. 2016ರ ಸೆಪ್ಟೆಂಬರ್ 5ರಂದು 4ಜಿ ಜಾಲವನ್ನಷ್ಟೇ ಹೊಂದಿದ ಜಿಯೋ ಸೇವೆ ಆರಂಭವಾದಾಗ, ಎರಡೇ ವರ್ಷದ ಈ ಫೋನುಗಳಲ್ಲಿ ಅದರ ಸಿಮ್ ಕೆಲಸ ಮಾಡುವಂತಿರಲಿಲ್ಲ. 2019ರಲ್ಲಿ ಏರ್‌ಟೆಲ್ ಕೋಲ್ಕತ್ತದಿಂದ ಆರಂಭಿಸಿ ತನ್ನ 3ಜಿ ಜಾಲವನ್ನು ಮುಚ್ಚತೊಡಗಿತು. ಅಂತಹ ಜಾಲಗಳಲ್ಲಿ ಕರೆಗೆ 2ಜಿ ಉಳಿಯಿತು. ಅಂತರ್ಜಾಲ ಮಾತ್ರ ಆಮೆಗತಿಗೆ ಇಳಿಯಿತು. ಫೋನಿನಲ್ಲಿ ಯಾವ ದೋಷವೂ ಇರಲಿಲ್ಲ; ಅದರ ಸುತ್ತಲಿನ ಲೋಕ ಬದಲಾಗಿತ್ತು.

ಕಣ್ಣಿಗೆ ಕಾಣದ ಗಡುವು

ಇವೆಲ್ಲಕ್ಕಿಂತ ಗಂಭೀರವಾದದ್ದು ಸುರಕ್ಷತೆಯ ಪ್ರಶ್ನೆ. ಆಂಡ್ರಾಯ್ಡ್ 4.4 ಆವೃತ್ತಿಯೊಂದಿಗೆ ಬಂದ ಆಂಡ್ರಾಯ್ಡ್ ಒನ್ ಫೋನುಗಳಿಗೆ ಮುಂದೆ 5.1 ಹಾಗೂ 6.0 ಆವೃತ್ತಿಗಳು ದೊರೆತವು. ಅದೇ ಕಾಲದ ಅನೇಕ ಅಗ್ಗದ ಫೋನುಗಳಿಗೆ ಆ ಭಾಗ್ಯವಿರಲಿಲ್ಲ. 2023ರ ಆಗಸ್ಟ್‌ನಲ್ಲಿ ಗೂಗಲ್ 4.4 ಆವೃತ್ತಿಗೆ ತನ್ನ ಪ್ಲೇ ಸೇವೆಗಳ ಬೆಂಬಲವನ್ನು ಕೊನೆಗೊಳಿಸಿತು. ಸುರಕ್ಷತಾ ಪರಿಷ್ಕರಣೆ ನಿಂತ ಫೋನಿನಲ್ಲಿ ಹೊಸದಾಗಿ ಪತ್ತೆಯಾಗುವ ಲೋಪಗಳು ಮುಚ್ಚದ ಬಾಗಿಲಿನಂತೆ ಉಳಿದುಬಿಡುತ್ತವೆ. ಇಂದು ಬ್ಯಾಂಕ್ ಖಾತೆ, ಒಟಿಪಿ, ಯುಪಿಐ ಎಲ್ಲವೂ ಅದೇ ಫೋನಿನಲ್ಲಿವೆ. ಹಣ ಉಳಿಸಲೆಂದು ಹಳೆಯ ಫೋನನ್ನೇ ನೆಚ್ಚಿಕೊಂಡವರ ಉಳಿತಾಯಕ್ಕೇ ಅಪಾಯ ಒದಗುವುದು ಇಲ್ಲಿ.

ಹಾಗಾದರೆ ಮಾಡಬೇಕಾದದ್ದೇನು?

ಸೆಟ್ಟಿಂಗ್ಸ್‌ನಲ್ಲಿ ಸುರಕ್ಷತಾ ಪರಿಷ್ಕರಣೆಯ ದಿನಾಂಕ ನೋಡಿ. ಅದು ವರ್ಷಗಟ್ಟಲೆ ಹಳೆಯದಾಗಿದ್ದರೆ ಹಣದ ವಹಿವಾಟನ್ನು ಆ ಫೋನಿನಿಂದ ಹೊರಗಿಡಿ. ಬ್ಯಾಂಕಿನ ಸಂದೇಶ ಬರುವ ಸಿಮ್ಮನ್ನೂ ಬೇರೆ ಫೋನಿಗೆ ಹಾಕಿ. ಅಲಾರಂ, ಸಂಗೀತ, ರೇಡಿಯೋಗಳಿಗೆ ಅದು ಇನ್ನೂ ಹಲವು ವರ್ಷ ಸಲ್ಲುತ್ತದೆ. ಬ್ಯಾಟರಿಯೊಂದೇ ಸೋತಿದ್ದು, ಪರಿಷ್ಕರಣೆ ಇನ್ನೂ ಬರುತ್ತಿದ್ದರೆ ಬ್ಯಾಟರಿ ಬದಲಿಸುವುದೇ ಲಾಭಕರ. 6,400 ರೂಪಾಯಿಯ ಫೋನನ್ನು ಎರಡು ವರ್ಷಕ್ಕೆ ಬಿಸುಟರೆ ವರ್ಷಕ್ಕೆ 3,200 ರೂಪಾಯಿ ವೆಚ್ಚ; ನಾಲ್ಕು ವರ್ಷ ಬಳಸಿದರೆ 1,600 ರೂಪಾಯಿ ಮಾತ್ರ.

ಹೊಸದನ್ನು ಕೊಳ್ಳುವಾಗ ಕ್ಯಾಮೆರಾದ ಮೆಗಾಪಿಕ್ಸೆಲ್ ಕೇಳುವ ಮೊದಲು, ಪರಿಷ್ಕರಣೆ ಎಷ್ಟು ವರ್ಷ ದೊರೆಯುತ್ತದೆಂದು ವಿಚಾರಿಸಿ. ಐರೋಪ್ಯ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಜಾರಿಗೆ ಬಂದ ನಿಯಮದಂತೆ, ಸ್ಮಾರ್ಟ್‌ಫೋನಿನ ಬ್ಯಾಟರಿ 800 ಚಾರ್ಜ್‌ಗಳ ನಂತರವೂ ಶೇ. 80ರಷ್ಟು ಸಾಮರ್ಥ್ಯ ಉಳಿಸಿಕೊಳ್ಳಬೇಕು. ಬಾಳಿಕೆಯನ್ನು ಕಾನೂನಿನಿಂದಲೇ ಕೇಳಿ ಪಡೆಯಬಹುದೆಂಬುದಕ್ಕೆ ಇದೇ ಸಾಕ್ಷಿ. ನಮ್ಮ ಗ್ರಾಹಕರೂ ಅಂಗಡಿಯಲ್ಲಿ ಆ ಪ್ರಶ್ನೆಯನ್ನು ಕೇಳತೊಡಗಬೇಕು.