ಮಿಂಚಂಚೆಯ ಮುದ್ರೆ: ಕಾಲೇಜು ಡೊಮೇನುಗಳ ದೃಢೀಕರಣ

ತಾಮ್ರಶಾಸನವೊಂದರಲ್ಲಿ ರಾಜನ ಹೆಸರನ್ನು ಕಂಡೊಡನೆ ಅದು ಆ ರಾಜನದೇ ಎಂದು ನಾವು ಒಪ್ಪುವುದಿಲ್ಲ. ಬಿ. ಎಲ್. ರೈಸರು 1898ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ನಾಲ್ಕನೆಯ ಸಂಪುಟದಲ್ಲಿ ಹುಣಸೂರು, ಹೆಗ್ಗಡದೇವನಕೋಟೆ, ಯಡತೊರೆ (ಇಂದಿನ ಕೆ. ಆರ್. ನಗರ) ಭಾಗಗಳ ಶಾಸನಗಳಿವೆ. ರೈಸರು ನೈಜವೆಂದು ಒಪ್ಪಿದ ಗಂಗರ ತಾಮ್ರಪಟಗಳಲ್ಲಿ ಹಲವನ್ನು ಜೆ. ಎಫ್. ಫ್ಲೀಟರು ಕೂಟಶಾಸನಗಳೆಂದು ತಿರಸ್ಕರಿಸಿದುದು ವಿದ್ವಾಂಸರಿಗೆ ವಿದಿತವೇ ಇದೆ. ಕಳುಹಿಸಿದವರು ಯಾರು ಎಂಬ ಅದೇ ಪ್ರಶ್ನೆ ಇಂದು ಮಿಂಚಂಚೆಯ ವಿಷಯದಲ್ಲಿಯೂ ಏಳುತ್ತದೆ.

1982ರಲ್ಲಿ ರೂಪುಗೊಂಡ ಮಿಂಚಂಚೆಯ ರವಾನೆ ನಿಯಮಗಳಲ್ಲಿ ಕಳುಹಿಸುವವರ ಹೆಸರನ್ನು ಪರೀಕ್ಷಿಸುವ ವ್ಯವಸ್ಥೆಯಿರಲಿಲ್ಲ. ಲಕೋಟೆಯ ಹಿಂದೆ ಯಾರ ವಿಳಾಸವನ್ನಾದರೂ ಬರೆಯಬಹುದಾದಂತೆ, ಕಾಲೇಜೊಂದರ ಹೆಸರಿನಲ್ಲಿ ಶುಲ್ಕ ಕೇಳುವ ಪತ್ರವನ್ನು ಯಾರು ಬೇಕಾದರೂ ಕಳುಹಿಸಬಹುದಿತ್ತು. ಈ ದೋಷವನ್ನು ನಿವಾರಿಸಲು ಮುಂದೆ ಮೂರು ಸಾಧನಗಳು ಬಂದವು. ಇವೆಲ್ಲವೂ ಡೊಮೇನಿನ ಸಾರ್ವಜನಿಕ ದಾಖಲೆಯಾದ ಡಿ.ಎನ್.ಎಸ್.ನಲ್ಲಿ ಬರೆಯಲ್ಪಡುತ್ತವೆ. ಅಲ್ಲಿ ಬರೆಯುವ ಅಧಿಕಾರವು ಡೊಮೇನಿನ ಒಡೆಯರಿಗೆ ಮಾತ್ರ ಇರುವುದರಿಂದಲೇ ಅದು ಪ್ರಮಾಣವಾಗುತ್ತದೆ.

ಮೊದಲನೆಯದು ಎಸ್.ಪಿ.ಎಫ್. ನಮ್ಮ ಹೆಸರಿನಲ್ಲಿ ಪತ್ರ ಸಾಗಿಸಲು ಯಾವ ಯಾವ ಸರ್ವರುಗಳಿಗೆ ಅಧಿಕಾರವುಂಟೆಂಬ ಪಟ್ಟಿ ಅದು. ಆದರೆ ಪತ್ರವು ನಡುವೆ ಬೇರೊಂದು ವಿಳಾಸದ ಮೂಲಕ ಮುಂದೆ ಸಾಗಿದರೆ ಈ ಪರೀಕ್ಷೆ ಸೋಲಬಹುದು. ಎರಡನೆಯದು ಡಿ.ಕೆ.ಐ.ಎಂ. ಕಳುಹಿಸುವ ಸರ್ವರು ಗುಪ್ತ ಕೀಲಿಯಿಂದ ಪತ್ರಕ್ಕೆ ಸಹಿ ಹಾಕುತ್ತದೆ. ಪಡೆಯುವವರು ದಾಖಲೆಯಲ್ಲಿರುವ ಬಹಿರಂಗ ಕೀಲಿಯಿಂದ ಅದನ್ನು ಪರೀಕ್ಷಿಸುತ್ತಾರೆ. ಸಹಿಯಾದ ಭಾಗವನ್ನು ದಾರಿಯಲ್ಲಿ ತಿದ್ದಿದರೆ ಸಹಿ ಕೆಡುತ್ತದೆ. ತಾಮ್ರಪಟಗಳನ್ನು ಪೋಣಿಸಿದ ಬಳೆಯ ಮೇಲಣ ಗಂಗರ ಆನೆಯ ಮುದ್ರೆಗೆ ಇದನ್ನು ಹೋಲಿಸಬಹುದು. ಮೂರನೆಯದು ಡಿ.ಎಂ.ಎ.ಆರ್.ಸಿ. ಮೇಲಿನ ಎರಡರಲ್ಲಿ ಒಂದಾದರೂ ಗೆಲ್ಲಬೇಕು; ಗೆದ್ದ ಡೊಮೇನು ಓದುಗನಿಗೆ ಕಾಣುವ ಹೆಸರಿನೊಡನೆ ಹೊಂದಬೇಕು. ಹೊಂದದ ಪತ್ರವನ್ನು ಸುಮ್ಮನೆ ಗಮನಿಸಬೇಕೆ, ಬೇರೆ ಇಡಬೇಕೆ, ನಿರಾಕರಿಸಬೇಕೆ ಎಂಬ ಆದೇಶವನ್ನೂ ಒಡೆಯರೇ ಕೊಡುತ್ತಾರೆ.

ಜಿಮೇಲಿನ ವೈಯಕ್ತಿಕ ಖಾತೆಗಳಿಗೆ ದಿನಕ್ಕೆ ಸುಮಾರು 5,000ಕ್ಕೆ ಮೇಲ್ಪಟ್ಟು ಪತ್ರ ಕಳುಹಿಸುವವರಿಗೆ 2024ರ ಫೆಬ್ರುವರಿಯಿಂದ ಈ ಮೂರೂ ಕಡ್ಡಾಯವಾದವು. ಉಳಿದವರಿಗೆ ಮೊದಲ ಎರಡರಲ್ಲಿ ಒಂದಾದರೂ ಬೇಕು. ಆದುದರಿಂದ ಸಣ್ಣ ಕಾಲೇಜುಗಳೂ ಉದಾಸೀನರಾಗಿರುವಂತಿಲ್ಲ. ಪರೀಕ್ಷಾ ಶುಲ್ಕದ ಕೊನೆಯ ದಿನವನ್ನು ತಿಳಿಸುವ ಪತ್ರವು ಸ್ಪ್ಯಾಮ್ ಕಡತಕ್ಕೆ ಬಿದ್ದರೆ ಪಿರಿಯಾಪಟ್ಟಣದ ಹಳ್ಳಿಯಲ್ಲಿರುವ ವಿದ್ಯಾರ್ಥಿಗೆ ಆಗುವ ನಷ್ಟ ಅಲ್ಪವಲ್ಲ.

ಕಾಲೇಜು ಸಾಮಾನ್ಯ ಜಿಮೇಲ್ ವಿಳಾಸದಿಂದ ಬರೆದರೆ ಪರೀಕ್ಷೆಯಲ್ಲಿ ಸಿದ್ಧವಾಗುವುದು ಗೂಗಲಿನ ಹೆಸರೇ ಹೊರತು ಕಾಲೇಜಿನದಲ್ಲ. ಆದ್ದರಿಂದ ಮೊದಲು ಸ್ವಂತ ಡೊಮೇನು ಬೇಕು, ಎಸಿ.ಇನ್ ಹೆಸರುಗಳನ್ನು ಅರ್ಹ ವಿದ್ಯಾಸಂಸ್ಥೆಗಳಿಗೆ ಅರ್ನೆಟ್ ಇಂಡಿಯಾ ಸಂಸ್ಥೆ ನೀಡುತ್ತದೆ. ಬಳಿಕ ಕಚೇರಿ, ಗ್ರಂಥಾಲಯ, ಶುಲ್ಕ ವಸೂಲಿಯ ಸೇವೆ ಮುಂತಾಗಿ ನಮ್ಮ ಹೆಸರಿನಲ್ಲಿ ಬರೆಯುವ ಎಲ್ಲರನ್ನೂ ಪಟ್ಟಿಮಾಡಿ, ಕೆಲವು ವಾರ ವರದಿಗಳನ್ನು ಓದಿ, ಅನಂತರವೇ ನಿರಾಕರಣೆಯ ಆದೇಶಕ್ಕೆ ಏರುವುದು ಕ್ಷೇಮ. ಆತುರದಿಂದ ಏರಿದರೆ ನಮ್ಮ ಪತ್ರಗಳೇ ತಿರಸ್ಕೃತವಾದಾವು.

ಇಷ್ಟಾದರೂ ಒಂದು ಎಚ್ಚರಿಕೆ ಅವಶ್ಯಕ. ಈ ಪರೀಕ್ಷೆಯು ಇತಿಹಾಸಕಾರನ ಬಾಹ್ಯ ವಿಮರ್ಶೆಗೆ ಸಮಾನವಾದುದು. ಪತ್ರ ಎಲ್ಲಿಂದ ಹೊರಟಿತೆಂಬುದನ್ನು ಅದು ಹೇಳುತ್ತದೆ. ಒಳಗಿನ ಮಾತು ಸತ್ಯವೆಂದು ಹೇಳುವುದಿಲ್ಲ. ಕಳವಾದ ಗುಪ್ತಪದದಿಂದ ಕಳುಹಿಸಿದ ಪತ್ರಕ್ಕೂ ಮುದ್ರೆ ನಿಜವಾಗಿಯೇ ಇರುತ್ತದೆ. ಆಂತರಿಕ ವಿಮರ್ಶೆಯ ಹೊಣೆ ಓದುವವರದೇ.