ಹುಳುವಿನೊಳಗೆ ಅಡಗಿದ ಮೊನೆ

ಕೆರೆ ಏರಿಯ ಮೇಲೆ ಕುಳಿತು ಗಾಳ ಹಾಕಿದವರಿಗೆ ಎರೆಹುಳು ಸಿಕ್ಕಿಸುವುದು ದೊಡ್ಡ ವಿದ್ಯೆಯೇನಲ್ಲ. ಕೊಕ್ಕೆ ಮುಚ್ಚಿದರೆ ಸಾಕು, ಮಿಕ್ಕದ್ದನ್ನು ಹುಳುವಿನ ಒದ್ದಾಟವೇ ನೋಡಿಕೊಳ್ಳುತ್ತದೆ. ಅಮೆರಿಕದಲ್ಲಿ ಬಾಸ್ ಮೀನು ಹಿಡಿಯುವವರ ಕೈಯಲ್ಲಿರುವುದು ಪ್ಲಾಸ್ಟಿಕ್ ಹುಳು. ಅದಕ್ಕೆ ಜೀವವಿಲ್ಲ. ಕೊಕ್ಕೆಗೆ ಏರಿಸುವ ಬೆರಳುಗಳೇ ಅದಕ್ಕೆ ಜೀವ ತುಂಬಬೇಕು.

ಈ ಹುಳು ಹುಟ್ಟಿದ್ದು 1949ರಲ್ಲಿ, ಓಹಾಯೋ ರಾಜ್ಯದ ಆಕ್ರನ್ ಊರಿನಲ್ಲಿ. ನಿಕ್ ಕ್ರೀಮ್ ಮತ್ತು ಕಾಸ್ಮಾ ಕ್ರೀಮ್ ದಂಪತಿ ನಿಜವಾದ ಹುಳುವಿನ ಅಚ್ಚು ತೆಗೆದು, ಎಣ್ಣೆ, ಬಣ್ಣ ಬೆರೆಸಿದ ಮೆದು ವಿನೈಲನ್ನು ಅದಕ್ಕೆ ಹೊಯ್ದರು. ಮುಂದೆ ಅವರ ಕಂಪನಿ ಟೆಕ್ಸಸ್‌ನ ಟೈಲರ್‌ಗೆ ಹೋಯಿತು. ಹುಳುವನ್ನು ಸಿಕ್ಕಿಸುವ ಅತಿ ಪ್ರಸಿದ್ಧ ವಿಧಾನಕ್ಕೂ ಆ ರಾಜ್ಯದ್ದೇ ಹೆಸರು: ಟೆಕ್ಸಸ್ ರಿಗ್.

ಇಂಥದೊಂದು ವಿಧಾನ ಏಕೆ ಬೇಕಾಯಿತು ಎಂಬುದಕ್ಕೆ ಉತ್ತರ ಮೀನಿನ ಸ್ವಭಾವದಲ್ಲಿದೆ. ಲಾರ್ಜ್‌ಮೌತ್ ಬಾಸ್‌ನ ಬಾಯಿ ಕಣ್ಣಿನಿಂದಾಚೆಗೂ ಸೀಳಿರುತ್ತದೆ. ಅದು ಬೇಟೆಯನ್ನು ಅಟ್ಟಿಕೊಂಡು ಹೋಗುವುದಕ್ಕಿಂತ ಜೊಂಡಿನ ಬುಡದಲ್ಲೋ ಮುಳುಗಿದ ಮರದ ನೆರಳಿನಲ್ಲೋ ಹೊಂಚು ಹಾಕುವುದೇ ಹೆಚ್ಚು. ಮೊನೆ ಹೊರಗಿರುವ ಕೊಕ್ಕೆಯನ್ನು ಅಲ್ಲಿಗೆ ಎಸೆದರೆ ಸಿಗುವುದು ಕಳೆ, ಕಡ್ಡಿ, ಇಲ್ಲವೇ ಹರಿದ ದಾರ. ಹಾಗಾಗಿ ಮೊನೆಯನ್ನು ಹುಳುವಿನ ಮೈಯೊಳಗೇ ಬಚ್ಚಿಡುತ್ತಾರೆ. ನನ್ನ ದೃಷ್ಟಿಯಲ್ಲಿ ಇಡೀ ಕಸುಬಿನ ಜಾಣ್ಮೆ ಇದೊಂದರಲ್ಲೇ ಇದೆ.

ಮೊದಲು ಬಂದೂಕಿನ ಗುಂಡಿನಾಕಾರದ ತೂಕವನ್ನು, ಚೂಪು ತುದಿ ಮೇಲಿರುವಂತೆ, ದಾರಕ್ಕೆ ಪೋಣಿಸಿ ಕೊಕ್ಕೆ ಕಟ್ಟುತ್ತಾರೆ. ಕೊಕ್ಕೆಯ ಕಣ್ಣಿನ ಕೆಳಗೆ ಮೆಟ್ಟಿಲಿನಂಥ ಬಾಗು ಇರುತ್ತದೆ. ಮೊನೆಯನ್ನು ಹುಳುವಿನ ತಲೆಯ ನಟ್ಟನಡುವೆ ಚುಚ್ಚಿ, ಕಾಲು ಇಂಚು ಒಳಗೆ ಸಾಗಿಸಿ, ಪಕ್ಕದಿಂದ ಹೊರತೆಗೆಯಬೇಕು. ಕಣ್ಣು ತಲೆಯೊಳಗೆ ಅಡಗಿ ಆ ಮೆಟ್ಟಿಲು ಹುಳುವನ್ನು ಹಿಡಿದುಕೊಳ್ಳುವವರೆಗೆ ಎಳೆದು, ಕೊಕ್ಕೆಯನ್ನು ಅರ್ಧ ಸುತ್ತು ತಿರುಗಿಸಬೇಕು. ಈಗ ಮೊನೆ ಹುಳುವಿನ ಮೈಯತ್ತ ಮುಖ ಮಾಡಿರುತ್ತದೆ. ಅದು ಮತ್ತೆ ಎಲ್ಲಿ ಒಳಹೋಗಬೇಕು ಎಂಬುದೇ ನಾಜೂಕಿನ ಮಾತು. ಕೊಕ್ಕೆಯನ್ನು ಹುಳುವಿನ ಪಕ್ಕಕ್ಕೆ ಹಿಡಿದು, ಅದರ ಬಾಗು ಮುಟ್ಟುವ ಜಾಗಕ್ಕೆ ಉಗುರಿನಿಂದ ಗುರುತು ಮಾಡಿಕೊಳ್ಳುತ್ತಾರೆ. ಗುರುತಿಗಿಂತ ತಲೆಯ ಕಡೆಗೆ ಚುಚ್ಚಿದರೆ ಹುಳು ಜಗ್ಗಿ ಬಿಗಿಯುತ್ತದೆ, ಬಾಲದ ಕಡೆಗೆ ಚುಚ್ಚಿದರೆ ಗೂನು ಬೀಳುತ್ತದೆ. ಅಚ್ಚಿನಿಂದ ಬಂದ ಸಣ್ಣ ಗೆರೆ ಹುಳುವಿನ ಉದ್ದಕ್ಕೂ ಇದ್ದರೆ ಅದನ್ನೇ ದಾರಿಯಾಗಿ ಹಿಡಿಯಬಹುದು. ಕೊನೆಗೆ ಮೊನೆ ಹೊರಚರ್ಮದ ಅಡಿಯಲ್ಲಿ, ಬೆರಳಿಗೆ ಮಾತ್ರ ತಿಳಿಯುವಷ್ಟು ಸಮೀಪದಲ್ಲಿ ನಿಲ್ಲುತ್ತದೆ.

ಬಾಸ್ ಕಚ್ಚುವುದಿಲ್ಲ, ಬಾಯಿ ತೆರೆದು ನೀರಿನ ಜೊತೆಗೇ ಹುಳುವನ್ನು ಒಳಗೆಳೆದುಕೊಳ್ಳುತ್ತದೆ. ಗಟ್ಟಿ ಎನಿಸಿದರೆ ಉಗುಳಿಬಿಡುತ್ತದೆ. ಮೆದು ಹುಳುವಾದರೆ ಒಂದೆರಡು ಕ್ಷಣ ಹೆಚ್ಚಿಗೆ ಬಾಯಲ್ಲಿಟ್ಟುಕೊಳ್ಳುತ್ತದೆ. ದಾರದಲ್ಲಿ ಸಣ್ಣದೊಂದು ಮಿಡಿತ ಬರುತ್ತದೆ. ಆಗ ಸಡಿಲವಾದ ದಾರವನ್ನು ಸುತ್ತಿಕೊಂಡು ಜೋರಾಗಿ ಎಳೆದರೆ ಮೊನೆ ಪ್ಲಾಸ್ಟಿಕ್ ಸೀಳಿ ಹೊರಬಂದು ಮೀನಿನ ದವಡೆಗೆ ನಾಟುತ್ತದೆ.

ಬೇರೆ ವಿಧಾನಗಳೂ ಇವೆ. ಕ್ಯಾರೊಲಿನಾ ರಿಗ್‌ನಲ್ಲಿ ತೂಕ ಹುಳುವಿನಿಂದ ಎರಡು-ಮೂರು ಅಡಿ ದೂರದಲ್ಲಿರುತ್ತದೆ. ತೂಕ ತಳದ ಮೇಲೆ ತೆವಳಿದರೆ ಹುಳು ಹಿಂದೆ ತೇಲಿಬರುತ್ತದೆ. ವ್ಯಾಕಿ ರಿಗ್‌ನಲ್ಲಿ ಕೊಕ್ಕೆಯನ್ನು ಹುಳುವಿನ ನಡುವಿಗೆ ಅಡ್ಡಲಾಗಿ ಚುಚ್ಚುತ್ತಾರೆ, ಅಷ್ಟೇ. ಗ್ಯಾರಿ ಯಮಾಮೊಟೊ ರೂಪಿಸಿದ, ಉಪ್ಪು ಬೆರೆಸಿದ 'ಸೆಂಕೊ' ಹುಳುವನ್ನು ಹೀಗೆ ಬಿಟ್ಟರೆ ಎರಡೂ ತುದಿ ನಡುಗುತ್ತಾ ನಿಧಾನವಾಗಿ ಇಳಿಯುತ್ತದೆ. ನೋಡಲು ಇದೇ ಹೆಚ್ಚು ಚೆಂದ.

ಹರಿದ ಹುಳುಗಳನ್ನು ಮಾತ್ರ ನೀರಿಗೆ ಎಸೆಯಬಾರದು. ಅವು ಕೊಳೆಯುವುದಿಲ್ಲ, ಮೀನುಗಳು ನುಂಗುತ್ತವೆ. ತೂಕದ ವಿಷಯದಲ್ಲೂ ಎಚ್ಚರ ಬೇಕು: ಸೀಸದ ತೂಕ ನುಂಗಿದ ಲೂನ್ ಹಕ್ಕಿಗಳು ವಿಷವೇರಿ ಸಾಯುತ್ತವೆ. ಅದಕ್ಕೇ ಅಮೆರಿಕದ ಕೆಲವು ರಾಜ್ಯಗಳು ಸಣ್ಣ ಸೀಸದ ತೂಕಗಳನ್ನು ನಿಷೇಧಿಸಿವೆ. ಹಲವರು ಈಗ ಟಂಗ್‌ಸ್ಟನ್ ಬಳಸುತ್ತಾರೆ. ಬೆಲೆ ಹೆಚ್ಚಾದರೂ ಅದೇ ಸರಿಯಾದ ಆಯ್ಕೆ.

ಪಳಗಿದವರು ಹುಳು ಸಿಕ್ಕಿಸಿದ ಕೂಡಲೇ ದೂರಕ್ಕೆ ಎಸೆಯುವುದಿಲ್ಲ. ದೋಣಿಯ ಪಕ್ಕದ ತಿಳಿನೀರಿನಲ್ಲಿ ಒಂದು ಮಾರು ಎಳೆದು ನೋಡುತ್ತಾರೆ. ಹುಳು ನೇರವಾಗಿ ಜಾರಿಬಂದರೆ ಸರಿ. ಬುಗುರಿಯಂತೆ ಸುತ್ತಿದರೆ ದಾರ ಹುರಿಗೊಳ್ಳುತ್ತದೆ, ಮೀನೂ ಹತ್ತಿರ ಸುಳಿಯುವುದಿಲ್ಲ. ಆಗ ಅದನ್ನು ಮೇಲೆತ್ತಿ, ಕೊಕ್ಕೆ ಬಿಡಿಸಿ, ಮತ್ತೆ ತಲೆಯ ನಡುವಿನಿಂದ ಚುಚ್ಚಲು ಶುರುಮಾಡುತ್ತಾರೆ.